ಬಿದ್ದ ಊರು, ಕಟ್ಟಿದ ಊರು

ನಮ್ಮ ಕನ್ನಡದಲ್ಲಿ ‘ನೆರೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಉಕ್ಕಿ ಬಂದ ಹೊಳೆಯೂ ನೆರೆ, ಪಕ್ಕದ ಮನೆಯವರೂ ನೆರೆ. ತರಗತಿಯಲ್ಲಿ ನಾನಾರ್ಥಗಳ ಪಾಠ ಬಂದಾಗಲೆಲ್ಲ ಈ ಮಾತನ್ನು ಹೇಳಿ ಹುಡುಗರನ್ನು ನಗಿಸುತ್ತಿದ್ದೆನು. ಮೊದಲನೆಯ ನೆರೆ ಬಂದಲ್ಲಿ ಎರಡನೆಯ ನೆರೆ ಚದರಿಹೋಗುವುದೆಂಬುದು ಆ ಕಾಲಕ್ಕೆ ನನಗೆ ಹೊಳೆದಿರಲಿಲ್ಲ.

2024ನೆಯ ಇಸವಿಯ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡಿನಲ್ಲಿ ಗುಡ್ಡ ಜರಿದು, ಮುಂಡಕ್ಕೈ, ಚೂರಲ್ಮಲ ಎಂಬ ವಸತಿಗಳು ಮಣ್ಣುಕೆಸರಿನಲ್ಲಿ ಹುಗಿದುಹೋದುವು. ಅಲ್ಲಿಯ ನಿರ್ವಸಿತರಿಗಾಗಿ ನಮ್ಮ ಕರ್ನಾಟಕ ಸರ್ಕಾರದವರೂ ನೂರು ಮನೆಗಳನ್ನು ಕಟ್ಟಿಸಿಕೊಡುವೆವೆಂದು ಸಾರಿದರು. ಪತ್ರಿಕೆಯಲ್ಲಿ ಅದನ್ನೋದಿ ನಮ್ಮ ಮನೆಯವರು, “ನೂರು ಮನೆಗಳಾದರೆ ಒಂದು ಊರೇ ಆಯಿತಲ್ಲ!” ಎಂದು ಸಂತೋಷಪಟ್ಟರು. ನಾನು ಕೂಡಲೇ ಹೌದೆನ್ನಲಾರದೆ ಹೋದೆನು. ನೂರು ಮನೆಗಳು ಒಂದೆಡೆ ನಿಂತ ಮಾತ್ರಕ್ಕೆ ಅದು ಊರಾಗುವುದೋ ಇಲ್ಲವೋ ಎಂಬ ಪ್ರಶ್ನೆಯನ್ನು ನನ್ನ ಅಕ್ಕನೊಬ್ಬಳ ಸಂಸಾರದಲ್ಲಿ ಮೂವತ್ತು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಕ್ಕನೆಂದರೆ ನಮ್ಮ ದೊಡ್ಡಪ್ಪನ ಮಗಳು. ಆಕೆಯನ್ನು ಆಳಂದದ ಗಡಿಯಾಚೆ, ಮಹಾರಾಷ್ಟ್ರದ ಉಮರ್ಗಾ ಸೀಮೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಆ ಭಾಗದಲ್ಲಿ ಹೆಣ್ಣು ಕೊಟ್ಟು ತರುವುದಕ್ಕೆ ರಾಜ್ಯದ ಗೆರೆ ಎಂದೂ ಅಡ್ಡ ಬಂದುದಿಲ್ಲ. ಹೊಲದಲ್ಲಿ ಮರಾಠಿ, ಅಡಿಗೆಮನೆಯಲ್ಲಿ ಕನ್ನಡ; ಮಕ್ಕಳಿಗೆ ಎರಡೂ ತಾಯಿನುಡಿಯೇ.

1993ನೆಯ ಇಸವಿ ಸಪ್ಟೆಂಬರ 29ರಂದು ಅನಂತ ಚತುರ್ದಶಿ. ಊರೂರಿನಲ್ಲಿಯೂ ಗಣಪತಿಯನ್ನು ಬಿಟ್ಟು ಬಂದು ಜನರು ದಣಿದು ಮಲಗಿದ್ದರು. ಮರುದಿನ ನಸುಕಿನ ನಾಲ್ಕಕ್ಕೆ ನಾಲ್ಕು ನಿಮಿಷ ಉಳಿದಿರುವಾಗ ಭೂಮಿ ನಡುಗಿತು. ನಾನಾಗ ಆಳಂದ ತಾಲೂಕಿನ ಒಂದು ಹಳ್ಳಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಮಾಸ್ತರ. ಗೂಡಿನಲ್ಲಿಟ್ಟ ತಂಬಿಗೆಗಳು ಉರುಳಿ ಬಿದ್ದ ಸಪ್ಪಳಕ್ಕೆ ಎಚ್ಚೆತ್ತು, ಬೆಕ್ಕೆಂದು ತಿಳಿದು ಗದರಿದೆನು. ಓಣಿಯಲ್ಲಿ ನಾಯಿಗಳೆಲ್ಲ ಒಮ್ಮೆಲೇ ಕೂಗತೊಡಗಿದ ಮೇಲೆ ಇದು ಬೆಕ್ಕಿನ ಕೆಲಸವಲ್ಲವೆಂದು ತಿಳಿಯಿತು. ನಮ್ಮಲ್ಲಿ ಗೋಡೆಗಳು ಬಿರಿದುದಷ್ಟೇ. ಅಲ್ಲಿಂದ ಉತ್ತರಕ್ಕೆ ಐವತ್ತು ಅರವತ್ತು ಕಿಲೋಮೀಟರುಗಳಾಚೆ, ಲಾತೂರು ಜಿಲ್ಲೆಯ ಕಿಲ್ಲಾರಿ ಎಂಬ ದೊಡ್ಡ ಊರೂ, ತೇರಣಾ ನದಿಯ ಎಡಬಲದ ಅನೇಕ ಹಳ್ಳಿಗಳೂ ಒಂದು ನಿಮಿಷದೊಳಗೆ ಕಲ್ಲಿನ ಗುಡ್ಡೆಗಳಾಗಿದ್ದುವು. ಲಾತೂರು ಹಾಗೂ ಈಗ ಧಾರಾಶಿವವೆಂದು ಕರೆಯಲ್ಪಡುವ ಅಂದಿನ ಉಸ್ಮಾನಾಬಾದ್, ಈ ಎರಡು ಜಿಲ್ಲೆಗಳಲ್ಲಿ ಸತ್ತವರ ಸಂಖ್ಯೆಯನ್ನು ಒಬ್ಬೊಬ್ಬರು ಒಂದೊಂದಾಗಿ ಹೇಳುತ್ತಾರೆ. ಎಂಟು ಸಾವಿರದ ಆಸುಪಾಸಿನಿಂದ ಹತ್ತು ಸಾವಿರದ ವರೆಗೆ ಆ ಎಣಿಕೆಗಳು ಹರಡಿವೆ. ಅವರಲ್ಲಿ ನಮ್ಮ ಅಕ್ಕನ ಅತ್ತೆಯೂ, ಆಕೆಯ ಮಗ್ಗುಲಲ್ಲಿ ಮಲಗಿದ್ದ ಐದು ವರ್ಷದ ಮೊಮ್ಮಗನೂ ಸೇರಿದ್ದರು. ಅಕ್ಕ ಕೈಗೂಸನ್ನು ಹೊರಗೆ ಕರೆದೊಯ್ದಿದ್ದುದರಿಂದ ಉಳಿದಳು. ಭಾವನವರು ಹೊಲ ಕಾಯಲು ಹೋಗಿದ್ದರು.

ಆ ಭೂಕಂಪದ ಪ್ರಮಾಣ ಸುಮಾರು 6.2. ಲೋಕದ ದೊಡ್ಡ ಭೂಕಂಪಗಳೊಡನೆ ಹೋಲಿಸಿದರೆ ಇದು ಮಧ್ಯಮ ತರಗತಿಯದು. ಹಾಗಿದ್ದೂ ಇಷ್ಟು ಜನರು ಹೇಗೆ ಸತ್ತರು? ನೆಲ ಕೊಂದುದಕ್ಕಿಂತ ಮನೆಯೇ ಕೊಂದಿತೆಂಬುದು ಇದಕ್ಕೆ ಉತ್ತರ. ಗೃಹಸ್ಥರಾದವರು ಈ ಮಾತನ್ನು ಸ್ವಲ್ಪ ವಿವರವಾಗಿ ತಿಳಿಯತಕ್ಕದ್ದು. ಏಕೆಂದರೆ ಆ ಬಗೆಯ ಮನೆಗಳು ನಮ್ಮ ಕಲಬುರಗಿ, ಬೀದರ, ವಿಜಯಪುರಗಳ ಕಡೆಗೂ ಬೇಕಾದಷ್ಟಿವೆ.

ಅಲ್ಲಿಯ ಮನೆಗೆ ಗೋಡೆ ಬೇರೆ, ಮಾಳಿಗೆ ಬೇರೆ. ಮಾಳಿಗೆಯ ಭಾರವನ್ನು ಹೊರುವುವು ಮರದ ಕಂಬಗಳು, ತೊಲೆಗಳು. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೆ ಕಟ್ಟಿಗೆ, ಅದರ ಮೇಲೆ ಮಣ್ಣು. ಬಿಸಿಲನ್ನು ತಡೆಯುವುದಕ್ಕೆ ಈ ಮಣ್ಣಿನಷ್ಟು ಒಳ್ಳೆಯದು ಬೇರೊಂದಿಲ್ಲ. ಚೈತ್ರ ವೈಶಾಖಗಳಲ್ಲಿಯೂ ಪಡಸಾಲೆ ತಣ್ಣಗಿರುತ್ತಿತ್ತು. ಆದರೆ ಮಳೆಗಾಲಕ್ಕೆ ಮೊದಲು ಸೋರದಿರಲೆಂದು ವರ್ಷವರ್ಷವೂ ಹೊಸ ಮಣ್ಣು ಹಾಕುವ ರೂಢಿಯಿಂದ, ಅಜ್ಜನ ಕಾಲಕ್ಕೆ ಗೇಣುದ್ದವಿದ್ದ ಪದರು ಮೊಮ್ಮಗನ ಕಾಲಕ್ಕೆ ಮೊಳದುದ್ದವಾಗುವುದು. ಒಂದು ಘನ ಅಡಿ ಮಣ್ಣು ನಲವತ್ತು ಕಿಲೋ ತೂಗುವುದೆಂದು ಹಿಡಿಯಿರಿ. ಹತ್ತಡಿಗೆ ಹನ್ನೆರಡಡಿಯ ಸಣ್ಣ ಕೋಣೆಯ ಮೇಲೆ ಒಂದೂವರೆ ಅಡಿ ಮಣ್ಣಿದ್ದರೆ ಏಳು ಟನ್ನಿಗಿಂತ ಹೆಚ್ಚಿನ ಭಾರ ತಲೆಯ ಮೇಲಿದ್ದಂತಾಯಿತು. ನಾವು ಅದರ ಕೆಳಗೆ ಮಗುವಿನ ತೊಟ್ಟಿಲನ್ನು ಕಟ್ಟುತ್ತೇವೆ!

ಇನ್ನು ಗೋಡೆಯ ಮಾತು. ಎರಡಡಿ, ಮೂರಡಿ, ಕೆಲವೆಡೆ ಇನ್ನೂ ಹೆಚ್ಚು ದಪ್ಪ. ನೋಡಿದರೆ ಕೋಟೆಯ ಗೋಡೆಯೇ ಸರಿ. ಆದರೆ ಅದು ಒಂದು ಗೋಡೆಯಲ್ಲ. ಒಳಮೈಯ ಗೋಡೆಯೊಂದು, ಹೊರಮೈಯ ಗೋಡೆಯೊಂದು, ನಡುವೆ ತುಂಬಿದ ಜಲ್ಲಿ ಮತ್ತು ಮಣ್ಣು. ಸುಣ್ಣವಿಲ್ಲ, ಸಿಮೆಂಟಿಲ್ಲ, ಕೆಸರಿನ ಗಾರೆಯಷ್ಟೇ. ಎರಡು ಮೈಗಳನ್ನೂ ಹಿಡಿದು ಹೊಲಿಯುವಂತೆ ಅಡ್ಡಲಾಗಿ ಇಡಬೇಕಾದ ಉದ್ದನೆಯ ಕಲ್ಲುಗಳನ್ನು ಇಟ್ಟುದಿಲ್ಲ. ನೆಲ ಅಲುಗಿದೊಡನೆ ಎರಡು ಮೈಗಳೂ ಬೇರೆ ಬೇರೆಯಾಗಿ ಉಬ್ಬಿ, ಒಂದು ಒಳಕ್ಕೂ ಇನ್ನೊಂದು ಓಣಿಗೂ ಸುರಿದುವು. ಕಂಬ ತೊಲೆಗಳು ಎಷ್ಟೋ ಮನೆಗಳಲ್ಲಿ ನಿಂತೇ ಇದ್ದುವು. ಮನೆಯ ಎಲುಬು ನೆಟ್ಟಗೆ ನಿಂತಿದೆ, ಅದರ ಬುಡದಲ್ಲಿ ಕಲ್ಲಿನ ರಾಶಿಯೊಳಗೆ ಮನೆಯ ಜನರು ಹುಗಿದುಹೋಗಿದ್ದಾರೆ, ಇಂತಹ ನೋಟವನ್ನು ನಾನು ನಾಲ್ಕನೆಯ ದಿನ ಅಕ್ಕನ ಊರಿನಲ್ಲಿ ಕಣ್ಣಾರೆ ಕಂಡೆನು. ಇನ್ನೊಂದು ಸಂಗತಿ: ಊರಂಚಿನಲ್ಲಿ ಹುಲ್ಲಿನ ಗುಡಿಸಲುಗಳಲ್ಲಿದ್ದ ಬಡವರು ಬಹುಮಟ್ಟಿಗೆ ಬದುಕಿಕೊಂಡರು. ಅನುಕೂಲಸ್ಥರೆನಿಸಿ ಕಲ್ಲಿನ ವಾಡೆಗಳಲ್ಲಿದ್ದವರ ಮನೆಗಳಲ್ಲಿ ಅಳುವವರೇ ಉಳಿಯಲಿಲ್ಲ.

ನಾನು ಸಂಸ್ಕೃತವನ್ನು ಓದಿದವನಾದುದರಿಂದ ಆ ದಿನಗಳಲ್ಲಿ ಹಲವರು ನನ್ನ ಬಳಿಗೆ ಬಂದು ಶಾಸ್ತ್ರವೇನು ಹೇಳುತ್ತದೆಂದು ಕೇಳಿದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಭೂಕಂಪಕ್ಕೆಂದೇ ಒಂದು ಅಧ್ಯಾಯವಿದೆ. ನೀರಿನಲ್ಲಿರುವ ಮಹಾಪ್ರಾಣಿಗಳ ಚಲನದಿಂದೆಂದು ಕೆಲವರು, ಭಾರ ಹೊತ್ತು ದಣಿದ ದಿಗ್ಗಜಗಳ ನಿಟ್ಟುಸಿರಿನಿಂದೆಂದು ಕೆಲವರು, ಗಾಳಿಗೆ ಗಾಳಿ ತಾಗಿ ನೆಲಕ್ಕೆ ಬೀಳುವುದರಿಂದೆಂದು ಇನ್ನು ಕೆಲವರು, ಹೀಗೆ ಪೂರ್ವಾಚಾರ್ಯರ ಮತಭೇದಗಳನ್ನು ಅವನು ನಿರ್ವಂಚನೆಯಿಂದ ಪಟ್ಟಿಮಾಡಿದ್ದಾನೆ. ಇಂದಿನ ಭೂವಿಜ್ಞಾನಿಗಳಾದರೋ, ಭರತಖಂಡವನ್ನು ಹೊತ್ತ ಶಿಲಾಫಲಕವು ಉತ್ತರಕ್ಕೆ ಒತ್ತುತ್ತಿರುವುದರಿಂದ ಒಳಗೊಳಗೇ ಕೂಡಿದ ಬಿಗಿತವು ಹಳೆಯ ಬಿರುಕೊಂದರಲ್ಲಿ ಸಡಿಲಿತೆನ್ನುತ್ತಾರೆ. ಹಾಗೆನ್ನುವ ಇವರೇ ಅದಕ್ಕೆ ಮೊದಲು ದಖನ್ನಿನ ಈ ಭಾಗವನ್ನು ಅತ್ಯಂತ ಸ್ಥಿರವಾದ ನೆಲವೆಂದು ನಕ್ಷೆಯಲ್ಲಿ ಕೊನೆಯ ವರ್ಗಕ್ಕೆ ಸೇರಿಸಿದ್ದರು! 1992ರಲ್ಲಿಯೇ ಕಿಲ್ಲಾರಿಯ ಸುತ್ತ ಸಣ್ಣ ಸಣ್ಣ ಕಂಪನಗಳಾಗಿ ಜನರು ಹೆದರಿದ್ದರು. ಆ ಎಚ್ಚರಿಕೆಯ ಅರ್ಥ ಯಾರಿಗೂ ಆಗಲಿಲ್ಲ. 2002ರಲ್ಲಿ ನಕ್ಷೆಯನ್ನು ತಿದ್ದಿ, ಆ ಕೊನೆಯ ವರ್ಗವನ್ನೇ ತೆಗೆದುಹಾಕಿದರು.

ಭೂಕಂಪವಾದ ಮೇಲೆ ಜನರನ್ನು ತಗಡಿನ ಸಾಲುಮನೆಗಳಲ್ಲಿ ಇರಿಸಿದರು. ಬೇಸಗೆಯಲ್ಲಿ ಬಾಣಲೆ, ಮಳೆಯಲ್ಲಿ ನಗಾರಿ. ಅಕ್ಕನ ಸಂಸಾರ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಅದರಲ್ಲಿ ಕಳೆಯಿತು. ಆದರೆ ಆಶ್ಚರ್ಯದ ಸಂಗತಿಯೊಂದನ್ನು ಹೇಳಬೇಕು. ಆ ತಗಡಿನ ಮನೆಗಳಲ್ಲಿ ಜನರು ಬಂದ ಬಂದಂತೆ ತಮ್ಮ ತಮ್ಮ ಓಣಿಯವರೊಡನೆ ಸೇರಿಕೊಂಡಿದ್ದರು. ಹಳೆಯ ಊರಿನಲ್ಲಿ ಅಕ್ಕನ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಗೋಡೆಯಲ್ಲಿ ಒಂದು ಕಿಂಡಿ. ಮಜ್ಜಿಗೆಯ ಹೆಪ್ಪು, ಒಲೆಯ ಕೆಂಡ, ಚಿಟಿಕೆ ಅರಿಸಿನ, ಮಗುವಿಗೆ ಜ್ವರವೆಂಬ ಸುದ್ದಿ, ಎಲ್ಲವೂ ಆ ಕಿಂಡಿಯ ದಾರಿಯಲ್ಲಿಯೇ. ಪಕ್ಕದ ಮನೆಯಾಕೆ ನಮ್ಮ ಅಕ್ಕನಿಗಿಂತ ಹತ್ತು ವರ್ಷ ದೊಡ್ಡವಳು. ಅಕ್ಕ ಆಕೆಯನ್ನು ‘ಕಾಕೂ’ ಎಂದು ಕರೆಯುತ್ತಿದ್ದಳು. ಕಾಕೂನ ಗಂಡನೂ ಮಗನೂ ಅಂದು ರಾತ್ರಿಯೇ ತೀರಿಹೋಗಿದ್ದರು. ತಗಡಿನ ಸಾಲಿನಲ್ಲಿ ಇವರಿಬ್ಬರೂ ಅಕ್ಕಪಕ್ಕದಲ್ಲಿದ್ದುದರಿಂದ ಒಬ್ಬಳು ಅಳುವಾಗ ಇನ್ನೊಬ್ಬಳು ಒಲೆ ಹೊತ್ತಿಸುತ್ತಿದ್ದಳು.

ಪುನರ್ನಿರ್ಮಾಣದ ಕಾರ್ಯವನ್ನು ಮಹಾರಾಷ್ಟ್ರ ಸರ್ಕಾರವು ವಿಶ್ವಬ್ಯಾಂಕಿನ ಸಾಲವನ್ನು ಪಡೆದು 1994ರಲ್ಲಿ ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ಪೂರ್ತಿಯಾಗಿ ಹಾಳಾದ 52 ಊರುಗಳನ್ನು ಬೇರೆಡೆಗೆ ಸಾಗಿಸಿ ಕಟ್ಟುವುದು. ಕೆಲವನ್ನು ಇದ್ದಲ್ಲಿಯೇ ಹೊಸದಾಗಿ ಕಟ್ಟುವುದು. ಉಳಿದಲ್ಲಿ ಮನೆಯೊಡೆಯರಿಗೆ ಹಣವನ್ನೂ ಸಾಮಾನನ್ನೂ ಕೊಟ್ಟು ಅವರಿಂದಲೇ ರಿಪೇರಿ ಮಾಡಿಸುವುದು, ಹೀಗೆ ಕೆಲಸ ಹಂಚಿಕೆಯಾಯಿತು. ಊರನ್ನು ಬಿಡಿಸಿದುದು ಸರ್ಕಾರದ ಬಲಾತ್ಕಾರವೆಂದು ಯಾರೂ ತಿಳಿಯಬಾರದು. ಸತ್ತವರನ್ನು ಕಲ್ಲಿನೊಳಗಿಂದ ತೆಗೆದು, ಆ ಕಲ್ಲುಗಳ ಪಕ್ಕದಲ್ಲಿಯೇ ಸುಟ್ಟವರು, ಅಲ್ಲಿಗೆ ಮರಳಿ ಹೋಗಿ ಒಲೆ ಹೂಡುವುದಕ್ಕೆ ಒಪ್ಪುವರೇ? “ಆ ನೆಲ ಬೇಡ” ಎಂದು ಜನರೇ ಹೇಳಿದರು. ಅಕ್ಕನೂ ಹೇಳಿದಳು. ಆ ಕ್ಷಣದ ಮಾತನ್ನು ನೂರು ವರ್ಷದ ತೀರ್ಪಾಗಿ ಬರೆದುಕೊಂಡುದರಲ್ಲಿ ಅವಸರವಾಯಿತೇನೋ ಎಂದು ಮಾತ್ರ ನನಗೆ ತೋರುತ್ತದೆ.

ಹೊಸ ಊರುಗಳ ಮನೆಗಳ ಅಳತೆಯನ್ನು ಜಮೀನಿನ ಲೆಕ್ಕದಿಂದ ಗೊತ್ತುಮಾಡಿದರು. ಭೂಮಿ ಇಲ್ಲದವರಿಗೂ ಒಂದು ಹೆಕ್ಟೇರಿನ ಒಳಗೆ ಇದ್ದವರಿಗೂ 250 ಚದರ ಅಡಿ. ಒಂದರಿಂದ ಏಳು ಹೆಕ್ಟೇರುಗಳ ವರೆಗೆ ಇದ್ದವರಿಗೆ 400. ಅದಕ್ಕೂ ಹೆಚ್ಚಿದ್ದವರಿಗೆ 750. ಒಕ್ಕಲಿಗನಿಗೆ ಎತ್ತು, ನೇಗಿಲು, ಕಾಳು ಇವೆಲ್ಲ ಇರುವುದರಿಂದ ಹೆಚ್ಚು ಸ್ಥಳ ಬೇಕೆಂಬ ವಾದಕ್ಕೆ ಅರ್ಥವಿಲ್ಲದಿಲ್ಲ. ಆದರೆ ಇದರಿಂದೊದಗಿದ ಫಲವನ್ನು ನೋಡಿರಿ. ಒಂದೇ ಅಳತೆಯ ಮನೆಗಳನ್ನು ಒಂದೇ ಕಡೆ ಸಾಲಾಗಿ ಕಟ್ಟುವುದು ಗುತ್ತೇದಾರನಿಗೆ ಸುಲಭ. ಆದುದರಿಂದ ಹಲವು ಊರುಗಳಲ್ಲಿ ಸಣ್ಣ ಮನೆಗಳು ಒಂದು ದಿಕ್ಕಿಗೆ, ನಡುವಣವು ಒಂದು ದಿಕ್ಕಿಗೆ, ದೊಡ್ಡವು ಇನ್ನೊಂದು ದಿಕ್ಕಿಗೆ ಎಂಬಂತೆ ಆಯಿತು. ನೂರಾರು ವರ್ಷ ಗೋಡೆಗೆ ಗೋಡೆ ಹಚ್ಚಿ ಬಾಳಿದ ಮನೆಗಳು ಹೊಲದ ಎಕರೆಗಳ ಎಣಿಕೆಯಿಂದ ಬೇರೆ ಬೇರೆಯಾದುವು. ಭಾವನವರಿಗೆ ಹನ್ನೊಂದು ಎಕರೆ ಇದ್ದುದರಿಂದ 400 ಅಡಿಯ ಮನೆ. ಕಾಕೂಗೆ ಎರಡೇ ಎಕರೆ. 250 ಅಡಿಯ ಮನೆ. ಎರಡರ ನಡುವೆ ಹನ್ನೆರಡು ಬೀದಿಗಳು. ಕಾಕೂ ಮೊದಮೊದಲು ಹಿತ್ತಾಳೆಯ ಬಟ್ಟಲಲ್ಲಿ ಹೆಪ್ಪನ್ನು ಹಿಡಿದುಕೊಂಡು ಬಿಸಿಲಲ್ಲಿ ನಡೆದು ಬರುತ್ತಿದ್ದಳಂತೆ. ಅಕ್ಕ ಬೇಡವೆಂದರೂ ಕೇಳುತ್ತಿರಲಿಲ್ಲ. ಮುಂದೆ ಮೊಣಕಾಲು ಹಿಡಿದುಕೊಂಡ ಮೇಲೆ ಅದು ನಿಂತುಹೋಯಿತು.

1996ರ ಸುಮಾರಿಗೆ ನಾನು ಹೊಸ ಊರಿಗೆ ಮೊದಲ ಬಾರಿ ಹೋದಾಗ ನಿಜವಾಗಿಯೂ ಬೆರಗಾದೆನು. ಎಂತಹ ಅಗಲವಾದ ರಸ್ತೆಗಳು! ಎಂತಹ ನೇರವಾದ ಸಾಲುಗಳು! ಪ್ರತಿಯೊಂದು ಮನೆಗೂ ಸುತ್ತಲೂ ಬಯಲು. ಹಳೆಯ ಊರಿನ ಹಲವು ಮಡಿ ವಿಸ್ತಾರ. ಪಟ್ಟಣದ ಬಡಾವಣೆಯೊಂದನ್ನು ಎತ್ತಿ ತಂದು ಎರೆಹೊಲದಲ್ಲಿ ಇಟ್ಟಂತಿತ್ತು. ನಾನು ಅಕ್ಕನನ್ನು ಅಭಿನಂದಿಸಿ ಮಾತನಾಡಿದೆನು. ಗಾಳಿ ಬೆಳಕು, ಆರೋಗ್ಯ, ಸಿಮೆಂಟಿನ ಬಲ, ಇವುಗಳನ್ನು ಕುರಿತು ಶಾಲೆಯಲ್ಲಿ ಹೇಳುವಂತೆ ಒಂದು ಪಾಠವನ್ನೇ ಹೇಳಿಬಿಟ್ಟೆನು. ಆಕೆ ಎಲ್ಲವನ್ನೂ ಕೇಳಿ, “ಮನಿ ಗಟ್ಟಿ ಅದ ತಮ್ಮಾ, ಅಲ್ಲ ಅನ್ನಂಗಿಲ್ಲ. ಆದ್ರ ಬಾಗಲಾಗ ಕುಂತ್ರ ಯಾರ ಮಾರಿನೂ ಕಾಣಂಗಿಲ್ಲ” ಎಂದಳು.

ಹಳೆಯ ಓಣಿ ಇಕ್ಕಟ್ಟಾದುದು, ನಿಜ. ಎದುರು ಬದುರು ಕಟ್ಟೆಗಳ ನಡುವೆ ಒಂದು ಬಂಡಿ ಹಾಯುವಷ್ಟೇ ಸ್ಥಳ. ಆದರೆ ಆ ಇಕ್ಕಟ್ಟಿನಲ್ಲಿಯೇ ನೆರಳಿತ್ತು. ಕಾಳು ಹಸನುಮಾಡುವ ಹೆಂಗಸರು ಅತ್ತ ಇತ್ತ ಕಟ್ಟೆಗಳ ಮೇಲೆ ಕುಳಿತು ದನಿ ಎತ್ತದೆ ಮಾತಾಡಬಹುದಾಗಿತ್ತು. ಹೊಲಕ್ಕೆ ಹೋಗುವ ತಾಯಿ ಮಗುವನ್ನು ಎದುರು ಮನೆಯ ಮುದುಕಿಯ ಕಣ್ಣಳತೆಯಲ್ಲಿ ಬಿಟ್ಟು ಹೋಗುತ್ತಿದ್ದಳು. ಅಗಲವಾದ ರಸ್ತೆಯಲ್ಲಿ ಬಿಸಿಲು ಬಿಟ್ಟರೆ ಬೇರೆ ಯಾರೂ ಕೂಡುವುದಿಲ್ಲ. ನೀರಿನ ನಳವೂ, ಹೊಲವೂ ದೂರವಾದುವು. ಊರಿಗೆ ಇಷ್ಟು ವಿಸ್ತಾರವನ್ನು ಕೊಟ್ಟುದಕ್ಕೆ ಒಳ್ಳೆಯ ಹೊಲಗಳನ್ನೇ ಬಲಿಕೊಡಬೇಕಾಯಿತು. ಮನೆಯೊಳಗಾದರೋ ಕಾಳಿನ ಚೀಲಗಳಿಗೆ ಸ್ಥಳವಿಲ್ಲ, ಎತ್ತುಗಳಿಗೆ ಕೊಟ್ಟಿಗೆಯಿಲ್ಲ. ಸಿಮೆಂಟಿನ ಚಪ್ಪರ ಬೇಸಗೆಯಲ್ಲಿ ಕಾಯ್ದು ರಾತ್ರಿಯೆಲ್ಲ ಬಿಸಿಯುಸಿರು ಬಿಡುತ್ತದೆ. ಭೂಮಿ ನಡುಗಿದರೆ ಬೀಳದ ಮನೆಯನ್ನು ಮಾಡುವುದರಲ್ಲಿಯೇ ಮಗ್ನರಾದವರಿಗೆ, ನಡುಗದ ದಿನಗಳಲ್ಲಿ ಜನರು ಅದರಲ್ಲಿ ಏನು ಮಾಡುವರೆಂಬುದು ನೆನಪಾಗಲಿಲ್ಲ.

ಇದನ್ನು ದೂರುವುದಕ್ಕೆ ಬರೆಯುತ್ತಿಲ್ಲ. ಸಾವಿರಾರು ಕುಟುಂಬಗಳಿಗೆ ಕೆಲವೇ ವರ್ಷಗಳಲ್ಲಿ ಭದ್ರವಾದ ಮನೆಗಳನ್ನು ಕಟ್ಟಿಕೊಡುವುದು ಸಾಮಾನ್ಯ ಕಾರ್ಯವಲ್ಲ. ದೇಶದ ನಾನಾ ಕಡೆಗಳಿಂದ ದಾನಿಗಳು ಬಂದು ಊರಿಗೆ ಊರನ್ನೇ ದತ್ತು ತೆಗೆದುಕೊಂಡರು. ಅವರ ಔದಾರ್ಯದಲ್ಲಿ ಸಂಶಯವಿಲ್ಲ. ಆದರೆ ದಾನ ಕೊಡುವವನ ಮನಸ್ಸಿನಲ್ಲಿ ಸಾಲಾಗಿ ನಿಂತ ಮನೆಗಳ ಚಿತ್ರವಿರುತ್ತದೆ. ಓಣಿಯ ಚಿತ್ರ ಇರುವುದು ಅದರಲ್ಲಿ ಬಾಳಿದವರ ಮನಸ್ಸಿನಲ್ಲಿ ಮಾತ್ರ.

ಮೂರನೆಯ ಬಗೆಯ ಕೆಲಸ, ಎಂದರೆ ಮನೆಯೊಡೆಯರಿಂದಲೇ ಮಾಡಿಸಿದ ದುರಸ್ತಿ, ಸುದ್ದಿಪತ್ರಗಳಲ್ಲಿ ಅಷ್ಟು ಬರಲಿಲ್ಲ. ಉದ್ಘಾಟನೆಯ ನಾಡಗೀತೆ, ಫಲಕ, ರಿಬ್ಬನ್ನು ಇವು ಒಂದೂ ಇಲ್ಲದ ಕೆಲಸವಲ್ಲವೆ! ಆದರೆ ಪ್ರಮಾಣದಲ್ಲಿ ಅದೇ ದೊಡ್ಡದು: 1,80,000ಕ್ಕಿಂತ ಹೆಚ್ಚು ಮನೆಗಳು. ಹಾನಿಯ ತರತಮವನ್ನು ನೋಡಿ 17,000 ಇಲ್ಲವೆ 34,000 ರೂಪಾಯಿಗಳನ್ನು ಕಂತುಕಂತಾಗಿ ಕೊಟ್ಟರು. ಗೋಡೆಯ ಎರಡು ಮೈಗಳಿಗೆ ಅಡ್ಡಕಲ್ಲು ಕೊಡುವುದು, ಬಾಗಿಲಿನ ತಲೆಯ ಮಟ್ಟದಲ್ಲಿ ಮನೆಯ ಸುತ್ತ ಕಬ್ಬಿಣ ಸಿಮೆಂಟಿನ ಒಂದು ಡಾಬನ್ನು ತೊಡಿಸುವುದು, ಮಾಳಿಗೆಯ ಮಣ್ಣನ್ನು ಇಳಿಸಿ ತೆಳುಮಾಡುವುದು, ಕಂಬಕ್ಕೂ ತೊಲೆಗೂ ಮೂಲೆಯಲ್ಲಿ ಊರೆ ಕೊಡುವುದು, ಇವಿಷ್ಟರಿಂದ ಹಳೆಯ ಮನೆಯೂ ತಡೆದುಕೊಳ್ಳುವುದೆಂದು ಇಂಜಿನಿಯರರು ಹೇಳಿದರು. ಜನರು ನಂಬಲಿಲ್ಲ. ಕಲ್ಲೆಂದರೆ ಅವರಿಗೆ ಮೃತ್ಯುವೇ ಆಗಿತ್ತು. ಅನೇಕರು ಬಂದ ಹಣದಿಂದ ಹಳೆಯ ಮನೆಯ ಪಕ್ಕದಲ್ಲಿ ಇಟ್ಟಿಗೆಯ ಒಂದು ಸಣ್ಣ ಕೋಣೆಯನ್ನು ಕಟ್ಟಿಕೊಂಡು, ರಾತ್ರಿ ಮಲಗಲು ಅದಕ್ಕೆ, ಹಗಲು ಬಾಳಲು ಹಳೆಯ ಮನೆಗೆ, ಹೀಗೆ ದಿನ ಕಳೆದರು. ಭಯವೆಂಬುದು ಲೆಕ್ಕಾಚಾರದಿಂದ ಹೋಗುವಂಥದಲ್ಲ.

ಇಲ್ಲಿ ಗೃಹಿಣಿಯರು ಗಮನಿಸಬೇಕಾದ ಒಂದು ಮಾತಿದೆ. ಹಣ ಹೇಗೆ ಬರುವುದು, ಸಿಮೆಂಟು ಎಲ್ಲಿ ಸಿಗುವುದು, ಅಡ್ಡಕಲ್ಲು ಏಕೆ ಬೇಕು, ಇದನ್ನು ಮನೆಮನೆಗೆ ತಿಳಿಸುವುದಕ್ಕಾಗಿ ಊರಿನ ಹೆಂಗಸರನ್ನೇ ‘ಸಂವಾದ ಸಹಾಯಕ’ರೆಂದು ನೇಮಿಸಿದರು. ಸ್ವಯಂ ಶಿಕ್ಷಣ ಪ್ರಯೋಗವೆಂಬ ಸಂಸ್ಥೆ ಈ ಕಾರ್ಯದಲ್ಲಿ ಮುಂದಾಳಾಯಿತು. ಗಂಡಸರ ಸಭೆಯಲ್ಲಿ ಸೆರಗು ಮುಚ್ಚಿ ಮೂಲೆ ಹಿಡಿದು ನಿಲ್ಲುತ್ತಿದ್ದವರು, ಗೌಂಡಿಯೊಡನೆ ಮರಳು ಸಿಮೆಂಟುಗಳ ಪ್ರಮಾಣವನ್ನು ವಾದಿಸುವಷ್ಟಾದರು. ಅದೂ ಸಹಜವೇ. ಸೋರುವ ಮೂಲೆ ಯಾವುದು, ಹೊಗೆ ಎಲ್ಲಿ ನಿಲ್ಲುತ್ತದೆ, ಕೊಡ ಎಲ್ಲಿ ಇಟ್ಟರೆ ಕಾಲಿಗೆ ತೊಡರುವುದಿಲ್ಲ, ಇವೆಲ್ಲ ಬಲ್ಲವರು ಯಾರು? 2001ರ ಜನವರಿ 26ರಂದು ಗುಜರಾತದ ಕಚ್ಛದಲ್ಲಿ ಭಯಂಕರ ಭೂಕಂಪವಾದಾಗ ಈ ಲಾತೂರಿನ ಹೆಂಗಸರು ಅಲ್ಲಿಗೆ ಹೋಗಿ, ನಾವು ಹೀಗೆ ಕಟ್ಟಿಕೊಂಡೆವೆಂದು ಅಲ್ಲಿಯ ಹೆಂಗಸರಿಗೆ ಹೇಳಿಕೊಟ್ಟರು. ಗುಜರಾತದಲ್ಲಿ ಬಹುಪಾಲು ಮನೆಗಳನ್ನು ಮನೆಯೊಡೆಯರೇ ಸರ್ಕಾರದ ಹಣದಿಂದ, ಇಂಜಿನಿಯರರ ಕಣ್ಗಾವಲಿನಲ್ಲಿ, ಹೆಚ್ಚಾಗಿ ಇದ್ದಲ್ಲಿಯೇ ಕಟ್ಟಿಕೊಂಡರು.

ಇದ್ದಲ್ಲಿಯೇ ಕಟ್ಟುವುದು ಹಳ್ಳಿಯಲ್ಲಾದೀತು, ಪಟ್ಟಣದಲ್ಲಿ ಹೇಗೆಂದು ಕೇಳುವವರಿಗೆ ಮೆಕ್ಸಿಕೋ ರಾಜಧಾನಿಯ ಉದಾಹರಣೆಯುಂಟು. 1985ರ ಸಪ್ಟೆಂಬರ 19ರ ಭೂಕಂಪದಲ್ಲಿ ಆ ಮಹಾನಗರದ ನಡುವಣ ಬಡ ಬಾಡಿಗೆದಾರರ ಹಳೆಯ ವಠಾರಗಳು ಹಾಳಾದುವು. ಜಾಗದ ಒಡೆಯರು ಇದೇ ಸಮಯವೆಂದು ತಮ್ಮನ್ನು ಹೊರಹಾಕುವರೆಂದು ಹೆದರಿ ಬಾಡಿಗೆದಾರರು ಸಂಘಕಟ್ಟಿದರು. ಸರ್ಕಾರವು ಸಾವಿರಾರು ನಿವೇಶನಗಳನ್ನು ಸ್ವಾಧೀನಪಡಿಸಿಕೊಂಡು, ಎರಡು ವರ್ಷಗಳಷ್ಟರಲ್ಲಿ ಸುಮಾರು 48,000 ಮನೆಗಳನ್ನು ಕಟ್ಟಿ ಹಾಗೂ ದುರಸ್ತಿಮಾಡಿ, ಅದೇ ಜನರಿಗೆ ಅದೇ ಬೀದಿಗಳಲ್ಲಿ ಕಂತಿನ ಮೇಲೆ ಸ್ವಂತವಾಗಿ ಕೊಟ್ಟಿತು. ಮನೆ ಎದ್ದು ನಿಲ್ಲುವ ವರೆಗೆ ಎಷ್ಟೋ ಜನರು ಪಕ್ಕದ ಬೀದಿಯಲ್ಲಿಯೇ ತಗಡಿನ ಕೆಳಗೆ ಇದ್ದು, ತಮ್ಮ ಮನೆಯ ಇಟ್ಟಿಗೆ ಇಟ್ಟಿಗೆಯನ್ನೂ ನೋಡುತ್ತಿದ್ದರು. ಮನೆ ಚಿಕ್ಕದು, ನಲವತ್ತು ಚದರ ಮೀಟರು. ಆದರೆ ನೆರೆ ಹಳೆಯದು.

ನಮ್ಮ ಕರ್ನಾಟಕದಲ್ಲಿ 2009ರ ಸಪ್ಟೆಂಬರ ಕೊನೆಯಲ್ಲಿ ಬಂದ ಮಹಾ ನೆರೆಯ ತರುವಾಯ ‘ಆಸರೆ’ ಎಂಬ ಹೆಸರಿನಿಂದ ದಾನಿಗಳ ಸಹಾಯದಿಂದ ಉತ್ತರದ ಜಿಲ್ಲೆಗಳಲ್ಲಿ ಹೊಸ ಊರುಗಳು ಎದ್ದುವು. ಅವುಗಳಲ್ಲಿ ಹಲವೆಡೆ ಜನರು ಮನೆಯ ಕೀಲಿಕೈಯನ್ನು ಪಡೆದುಕೊಂಡೂ ಹಳೆಯ ಊರನ್ನು ಬಿಡಲಿಲ್ಲ. ಹೊಲ, ಹೊಳೆ, ಗುಡಿ, ಕೊಟ್ಟಿಗೆ ಎಲ್ಲವೂ ಅಲ್ಲಿ. ಬರಿಯ ಗೋಡೆ ಇಲ್ಲಿ. ಇದನ್ನು ಜನರ ಮೊಂಡುತನವೆಂದು ಹೇಳುವವರು ಒಂದು ಬೇಸಗೆಯನ್ನು ಅಂತಹ ಮನೆಯಲ್ಲಿ ಕಳೆದು ನೋಡಬೇಕು. ಹೊಳೆಯ ಪಾತ್ರದೊಳಗೆಯೇ ಊರಿದ್ದರೆ, ಗುಡ್ಡವೇ ಜರಿದಿದ್ದರೆ ಬೇರೆ ಮಾತು. ಅಲ್ಲಿ ಎದ್ದು ಹೋಗಲೇಬೇಕು. ವಯನಾಡಿನಲ್ಲಿ ಮರಳಿ ಅದೇ ಇಳಿಜಾರಿನಲ್ಲಿ ಕಟ್ಟಿರೆಂದು ಯಾರೂ ಹೇಳಲಾರರು. ಆದರೆ ಹೊಸ ಜಾಗದಲ್ಲಿ ಯಾರ ಪಕ್ಕಕ್ಕೆ ಯಾರು ಎಂಬುದನ್ನು ಚೀಟಿಯೆತ್ತಿ ಗೊತ್ತುಮಾಡುವುದಕ್ಕೂ, ಅವರನ್ನೇ ಕೂಡಿಸಿ ಕೇಳಿ ಗೊತ್ತುಮಾಡುವುದಕ್ಕೂ ಖರ್ಚಿನಲ್ಲಿ ಭೇದವೇನಿದೆ? ಒಂದು ಮಧ್ಯಾಹ್ನದ ಕೆಲಸ.

ಈಗ ನನ್ನದೊಂದು ತಪ್ಪನ್ನು ಹೇಳಿ ಮುಂದುವರಿಯುತ್ತೇನೆ. ಅಕ್ಕನ ಹಳೆಯ ಮನೆಯ ಕಂಬ, ತೊಲೆ, ಕೆತ್ತನೆಯ ಬಾಗಿಲು ಇವೆಲ್ಲ ಸಾಗುವಾನಿಯವು, ಬಿದ್ದ ಕಲ್ಲುಗಳ ನಡುವೆ ಅಳಿವಿಲ್ಲದೆ ಉಳಿದಿದ್ದುವು. ಭೂಕಂಪವಾದ ವರ್ಷದೊಳಗೆಯೇ ಕಟ್ಟಿಗೆಯ ವ್ಯಾಪಾರಿಗಳು ಬಂದು ಬೆಲೆ ಕೇಳತೊಡಗಿದರು. “ಹೊಸ ಮನೆ ಸಿಮೆಂಟಿನದು, ಇವುಗಳನ್ನು ಇಟ್ಟುಕೊಂಡು ಏನು ಮಾಡುವಿರಿ? ಮಾರಿಬಿಡಿರಿ” ಎಂದು ನಾನು ಭಾವನವರಿಗೆ ಬುದ್ಧಿ ಹೇಳಿದೆನು. ಪುಣ್ಯಾತ್ಮರು ನನ್ನ ಮಾತಿಗೆ ಹೂಂಗುಟ್ಟಿ, ಎಲ್ಲವನ್ನೂ ಬಂಡಿಯಲ್ಲಿ ಹೇರಿ ಹೊಲದ ಬೇವಿನ ಮರದ ಕೆಳಗೆ ಒಟ್ಟಿ, ಮೇಲೆ ತಗಡು ಹೊದಿಸಿದರು. ಓದಿದವರ ಸಲಹೆಯನ್ನು ಎದುರಾಡದೆ ಮೀರುವುದು ಹೇಗೆಂಬುದು ಒಕ್ಕಲಿಗರಿಗೆ ಚೆನ್ನಾಗಿ ಗೊತ್ತು.

ಕಳೆದ ಮಾಘಮಾಸದಲ್ಲಿ ಅಕ್ಕನ ಮೊಮ್ಮಗಳ ಮದುವೆಗೆಂದು ಹೋಗಿದ್ದೆನು. ಮೂವತ್ತು ವರ್ಷಗಳಲ್ಲಿ ಆ ಸಾಲುಮನೆಗಳು ಗುರುತು ಹಿಡಿಯದಂತಾಗಿವೆ. ಒಬ್ಬರು ಮುಂದೆ ತಗಡು ಇಳಿಸಿದ್ದಾರೆ, ಒಬ್ಬರು ಹಿಂದೆ ಕೊಟ್ಟಿಗೆ ಹಾಕಿದ್ದಾರೆ, ಅಗಲವಾದ ರಸ್ತೆಯ ಮೇಲೆ ಎಡಬಲಗಳಿಂದ ಕಟ್ಟೆಗಳು ತೆವಳುತ್ತ ಬಂದು ಈಗ ನಡುವೆ ಎರಡು ಬಂಡಿ ಹಾಯುವಷ್ಟು ಮಾತ್ರ ಉಳಿದಿದೆ. ಬೇವಿನ ಮರಗಳು ಬೆಳೆದಿವೆ. ಮನೆಯ ಮುಂದೆ ಹೆಂಗಸರು ಕುಳಿತು ಅವರೆ ಬಿಡಿಸುತ್ತಿದ್ದರು.

ಅಂದು ಕೈಗೂಸಾಗಿದ್ದ ಅಕ್ಕನ ಮಗ ಈಗ ಮೂವತ್ತು ದಾಟಿದ ಗೃಹಸ್ಥ. ಮದುವೆ ಅವನ ದೊಡ್ಡಕ್ಕನ ಮಗಳದು. ಅವನು ಹಿತ್ತಲಲ್ಲಿ ಹೊಲದಿಂದ ಹಳೆಯ ಕಂಬ ತೊಲೆಗಳನ್ನು ತರಿಸಿ, ಇಟ್ಟಿಗೆಯ ಗೋಡೆಯ ನಡುವೆ ಅವುಗಳನ್ನು ನಿಲ್ಲಿಸಿ, ಮೇಲೆ ಹಗುರವಾದ ತಗಡಿನ ಹೊದಿಕೆ ಹಾಕಿ ಎರಡು ಅಂಕಣದ ಒಂದು ಮನೆಯನ್ನು ಕಟ್ಟಿಸಿದ್ದಾನೆ. ಬಾಗಿಲು ಹಳೆಯದೇ. ಹೊಸ್ತಿಲಲ್ಲಿ ಅಕ್ಕನ ಅತ್ತೆ ಹಚ್ಚುತ್ತಿದ್ದ ಅರಿಸಿನದ ಕಲೆ ಮರದ ಸೀಳುಗಳಲ್ಲಿ ಇನ್ನೂ ಇದೆ. ನಾನು ಬಗ್ಗಿ ಒಳಗೆ ನೋಡಲು, ಮೂಲೆಯಲ್ಲಿ ಹೊರಸಿನ ಮೇಲೆ ಒಬ್ಬ ಹಣ್ಣುಮುದುಕಿ ಕುಳಿತಿದ್ದಳು.

“ಯಾರು ಬಂದವರು?” ಎಂದಳು.

“ನಾನು ತಾಯಿ, ಆಳಂದದ ಮಾಸ್ತರ” ಎಂದೆನು.

“ನೀವೇನ್ರಿ! ಬರ್ರಿ, ಒಳಗ ಬರ್ರಿ. ನಾ ಇಲ್ಲೇ ಬಂದೀನ್ರಿ ಈಗ” ಎಂದು ಕಾಕೂ ಹೊರಸಿನ ಒಂದು ಮಗ್ಗುಲಿಗೆ ಸರಿದಳು.

ಎರಡು ವರ್ಷದ ಹಿಂದೆ ಬಿದ್ದು ಸೊಂಟ ನೋಯಿಸಿಕೊಂಡಾಗಿನಿಂದ ಆಕೆಯನ್ನು ಅಕ್ಕನೇ ಕರೆದುತಂದು ಇರಿಸಿಕೊಂಡಿದ್ದಾಳೆ. ತನ್ನ 250 ಅಡಿಯ ಮನೆಗೆ ಬೀಗ ಹಾಕಿ, ಕೀಲಿಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಾಳೆ. ಆ ಕೋಣೆಗೂ ಅಕ್ಕನ ಅಡಿಗೆಮನೆಗೂ ನಡುವೆ ಒಂದೇ ಗೋಡೆ. ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಇಟ್ಟಿಗೆಯಷ್ಟು ಸ್ಥಳವನ್ನು ಬಿಟ್ಟುದನ್ನು ಕಂಡು, ಗೌಂಡಿ ಮರೆತನೇ ಎಂದು ಅಕ್ಕನ ಮಗನನ್ನು ಕೇಳಿದೆನು. “ಮುಚ್ಚಸ್ತೀನಂದ್ರ ಅವ್ವ ಕೊಡಾಕ ಒಲ್ಲಳ್ರಿ, ಮಾಮಾ” ಎಂದನು. ಅಷ್ಟರಲ್ಲಿ ಆಚೆಯಿಂದ ಬಳೆಯ ಸಪ್ಪಳವಾಗಿ, ಕಿಂಡಿಯಲ್ಲಿ ಹಿತ್ತಾಳೆಯ ಬಟ್ಟಲೊಂದು ಬಂದು ಕುಳಿತಿತು.